ಸೆಕ್ಷನ್ ಸಿಗದ ವರ್ಷ

ಹೋದ ತಿಂಗಳು ಫೋನಿನಲ್ಲಿ ಬಂದ ಒಂದು ಮೋಸದ ಕರೆಯ ಬಗ್ಗೆ ದೂರು ಕೊಡಲು ಸೈಬರ್ ಪೊಲೀಸ್ ಠಾಣೆಗೆ ಹೋಗಿದ್ದೆ. ಹೊರಗೆ ಜುಲೈ ತಿಂಗಳ ಮಳೆ. ಎದುರಿಗೆ ಕೂತಿದ್ದ ಸಬ್ ಇನ್ಸ್‌ಪೆಕ್ಟರ್ ನನ್ನ ಮಗಳಿಗಿಂತ ಚಿಕ್ಕವಳು. ನಾನು ಹೇಳುತ್ತಾ ಹೋದ ಹಾಗೆ ಅವಳು ಟೈಪ್ ಮಾಡುತ್ತಾ ಹೋದಳು. ಮುಗಿಯುವ ಹೊತ್ತಿಗೆ ಇದಕ್ಕೆ ಯಾವ ಕಾಯ್ದೆ, ಯಾವ ಸೆಕ್ಷನ್ ಎಂದು ಕಾಗದ ನೋಡದೆ ಹೇಳಿದಳು. ಕರೆ ಬಂದದ್ದು ಹೊರದೇಶದಿಂದ, ಅಲ್ಲಿಯವರಿಗೂ ಬರೆಯುತ್ತೇವೆ, ಆದರೆ ತಡವಾಗಬಹುದು ಆಂಟೀ ಎಂದು ಹಿಂದಿಯಲ್ಲಿ ಸಮಾಧಾನ ಹೇಳಿದಳು. ಎಲ್ಲಾ ಸೇರಿ ಅರ್ಧ ಗಂಟೆ. ಕೆಲಸ ಮುಗಿದರೂ ನಾನು ಏಳಲಿಲ್ಲ. ಏಸಿಯ ತಣ್ಣನೆ ಗಾಳಿಯಲ್ಲಿ ಒದ್ದೆ ಛತ್ರಿಗಳ ವಾಸನೆಯೂ ಬಿಸಿಯಾದ ಯಂತ್ರಗಳ ವಾಸನೆಯೂ ಬೆರೆತಿತ್ತು. ಆ ವಾಸನೆಯಲ್ಲಿ ನಾನು ಒಂದು ಮಳೆಗಾಲ ಪೂರ್ತಿ ಕೂತಿದ್ದೆ. ಆ ಮಳೆಗಾಲದಲ್ಲಿ ಒಬ್ಬರು ಇನ್ಸ್‌ಪೆಕ್ಟರ್ ದಪ್ಪ ಪುಸ್ತಕವನ್ನು ಮುಂದಿಟ್ಟುಕೊಂಡು ಎಷ್ಟು ಹುಡುಕಿದರೂ ಅವರಿಗೆ ಒಂದು ಸೆಕ್ಷನ್ ಸಿಕ್ಕಿರಲಿಲ್ಲ.

ತೊಂಬತ್ತೊಂದನೇ ಇಸವಿ ಅದು. ಊರಿನ ಹೆಸರು ಆಗಿನ್ನೂ ಬಾಂಬೆ. ಮೈಸೂರಿನಿಂದ ಮದುವೆಯಾಗಿ ಬಂದು ನನಗೆ ಹತ್ತು ವರ್ಷವಾಗಿತ್ತು. ಯಜಮಾನರಿಗೆ ವಿಮಾ ಕಂಪನಿಯಲ್ಲಿ ನೌಕರಿ. ವಿಲೆ ಪಾರ್ಲೆ ಪಶ್ಚಿಮದಲ್ಲಿ ನಮ್ಮ ಮನೆ. ಸ್ಟೇಷನ್ನಿನ ಸೇತುವೆ ಹತ್ತಿ ಪೂರ್ವಕ್ಕೆ ಇಳಿದು, ಏರ್‌ಪೋರ್ಟಿನ ಕಡೆ ಇಪ್ಪತ್ತು ನಿಮಿಷ ನಡೆದರೆ ನನ್ನ ಆಫೀಸು. ಕೆಳಗೆ ಕೊರಿಯರಿನವರ ಗೋಡೌನು, ಎರಡನೇ ಮಹಡಿಯಲ್ಲಿ ನಾವು. ವಿದೇಶದ ಕಾಗದಪತ್ರಗಳನ್ನು ಕಂಪ್ಯೂಟರಿಗೆ ಹತ್ತಿಸಿ ವಾಪಸು ಕಳಿಸುವುದು ಕಂಪನಿಯ ಕಸುಬು. ಇಪ್ಪತ್ತನಾಲ್ಕು ಜನ ಟೈಪ್ ಮಾಡುವವರು, ಅವರ ಮೇಲೆ ಸೂಪರ್‌ವೈಸರ್ ಆಗಿ ನಾನು, ನನ್ನ ಮೇಲೆ ಮ್ಯಾನೇಜರ್ ಕೇಳ್ಕರ್.

ಆ ವರ್ಷ ನಮ್ಮ ಕೈಯಲ್ಲಿದ್ದದ್ದು ಹಾಲೆಂಡಿನ ಕೆಲವು ಆಸ್ಪತ್ರೆಗಳ ಹಳೆಯ ಕಾರ್ಡುಗಳು. ಅಲ್ಲಿನ ಒಂದು ಏಜೆನ್ಸಿ ಅವುಗಳ ಫೋಟೋಕಾಪಿ ತೆಗೆಸಿ, ಪೆಟ್ಟಿಗೆ ತುಂಬಿ ವಿಮಾನದಲ್ಲಿ ಕಳಿಸುತ್ತಿತ್ತು. ಯಾರಿಗೆ ಯಾವ ಕಾಯಿಲೆ, ಏನು ಚಿಕಿತ್ಸೆ, ಎಷ್ಟು ದಿನ ಎಂಬುದೆಲ್ಲ ಡಚ್ ಭಾಷೆಯಲ್ಲಿ. ಒಂದೊಂದು ಕಾರ್ಡನ್ನೂ ಇಬ್ಬರು ಬೇರೆ ಬೇರೆ ಕೂತು ಟೈಪ್ ಮಾಡಬೇಕು. ಎರಡೂ ತಾಳೆಯಾದರೆ ಸರಿ, ಒಂದಕ್ಷರ ಹೆಚ್ಚುಕಮ್ಮಿಯಾದರೂ ಯಂತ್ರ ಕಿರ್ ಎಂದು ನಿಲ್ಲುತ್ತಿತ್ತು. ಪೆಟ್ಟಿಗೆ ಬಂದ ದಿನ, ಅದರಲ್ಲಿರುವ ಕಾರ್ಡುಗಳ ಸಂಖ್ಯೆ, ಅವುಗಳಲ್ಲಿ ಕಾಣುವ ಕೊನೆಯ ತಾರೀಖು ಇಷ್ಟನ್ನೂ ರಿಜಿಸ್ಟರಿನಲ್ಲಿ ಬರೆದಿಡುವುದು ನನ್ನ ಪಾಲಿನ ಕೆಲಸ. ನಮ್ಮಲ್ಲಿ ಯಾರಿಗೂ ಡಚ್ ಬರುತ್ತಿರಲಿಲ್ಲ. ಅದೇ ಕೇಳ್ಕರರ ದೊಡ್ಡ ಜಂಬ. ನಮ್ಮ ಹುಡುಗಿಯರ ಬೆರಳಿಗೆ ನಿಮ್ಮ ಭಾಷೆ ಗೊತ್ತು, ತಲೆಗೆ ಗೊತ್ತಿಲ್ಲ, ಇದಕ್ಕಿಂತ ಗಟ್ಟಿ ಬೀಗ ಬೇಕೇ ಎಂದು ಅವರು ಏಜೆನ್ಸಿಯವರಿಗೆ ಬರೆದಿದ್ದನ್ನು ನಾನೇ ಓದಿದ್ದೆ.

ಆ ಬೀಗಕ್ಕೆ ಕೀಲಿ ಮಾಡಿಕೊಂಡವನು ವಿಠಲ ಬಂಗೇರ.

ಬಂಗೇರ ಉಡುಪಿ ಕಡೆಯವನು. ಬೈಕುಲ್ಲಾದಲ್ಲಿ ಅವನ ಮಾವನ ಹೋಟೆಲಿತ್ತು. ಹಗಲು ಅಲ್ಲಿ ದುಡಿದು, ಸಂಜೆ ಕಾಲೇಜಿನಲ್ಲಿ ಓದಿ, ಟೈಪಿಂಗ್ ಪರೀಕ್ಷೆ ಪಾಸು ಮಾಡಿ ನಮ್ಮಲ್ಲಿಗೆ ಬಂದಿದ್ದ. ಇಪ್ಪತ್ತೆಂಟು ವಯಸ್ಸು, ಹೆಂಡತಿಯ ಜತೆ ದಹಿಸರಿನಲ್ಲಿ ಸಾಲುಮನೆಗಳ ಒಂದು ಚಾಳಿನಲ್ಲಿ ಮನೆ. ಆಫೀಸಿನಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ ಆದ್ದರಿಂದ ನನ್ನನ್ನು ಮೇಡಂ ಎನ್ನದೆ ಅಕ್ಕ ಎನ್ನುತ್ತಿದ್ದ. ಮಾರ್ಚ್ ತಿಂಗಳಲ್ಲಿ ಒಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಎದ್ದಾಗ, ಅವನು ಡ್ರಾಯರಿನೊಳಗೆ ಒಂದು ಹಳೆಯ ಡಚ್ ನಿಘಂಟು ಇಟ್ಟುಕೊಂಡು ಸಣ್ಣ ನೋಟ್‌ಬುಕ್ಕಿಗೆ ಏನೋ ಬರೆದುಕೊಳ್ಳುವುದನ್ನು ಕಂಡೆ. ನಿಘಂಟನ್ನು ಫೌಂಟನ್ ಹತ್ತಿರ ಹಳೆ ಪುಸ್ತಕ ಮಾರುವ ಫುಟ್‌ಪಾತಿನಲ್ಲಿ ಕೊಂಡನಂತೆ. ಏನಿದು ಎಂದು ಕೇಳಿದ್ದಕ್ಕೆ ಅವನು ನಾಚಿಕೊಂಡ.

"ಇಡೀ ದಿನ ಬರೆಯುವುದು ಎಂತ ಅಂತ ನಮಗೇ ಗೊತ್ತಿಲ್ಲ ಅಂದ್ರೆ ಹೇಗಕ್ಕ? ಯಾರದ್ದೋ ನೋವು ಇದು. ಸುಮ್ಮನೆ ಬಡಿದು ಹಾಕ್ಲಿಕ್ಕೆ ಮನಸ್ಸು ಬರುದಿಲ್ಲ."

ಪದಗಳನ್ನು ಆಫೀಸಿನ ಹೊರಗೆ ಒಯ್ಯಬೇಡಿ, ಕೇಳ್ಕರ್ ಕಣ್ಣಿಗೆ ಬಿದ್ದರೆ ಕಷ್ಟ ಎಂದಷ್ಟೇ ಹೇಳಿ ನಾನು ಡಬ್ಬಿ ಬಿಚ್ಚಲು ಹೋದೆ. ಆಗ ನನಗೆ ಅವನ ಮೇಲೆ ಸ್ವಲ್ಪ ಗೌರವವೇ ಮೂಡಿತ್ತು. ಮೂರು ತಿಂಗಳ ನಂತರ ಅದೇ ಮಾತು ನನ್ನ ಕಿವಿಯಲ್ಲಿ ಬೇರೆಯೇ ಆಗಿ ಕೇಳಿಸಿತು.

ಜೂನ್ ಎರಡನೇ ವಾರ, ಮಳೆ ಹಿಡಿದ ಮೂರನೇ ದಿನ, ಕೇಳ್ಕರ್ ನನ್ನನ್ನು ಕರೆದು ಬಾಗಿಲು ಹಾಕಿದರು. ಕೈಯಲ್ಲಿ ಏಜೆನ್ಸಿಯಿಂದ ಬಂದ ಟೆಲೆಕ್ಸ್ ಇತ್ತು. ಅಲ್ಲಿನ ಕೆಲವು ರೋಗಿಗಳಿಗೆ ಅಂಚೆಯಲ್ಲಿ ಹೆಸರಿಲ್ಲದ ಪತ್ರಗಳು ಬಂದಿದ್ದವು. ನಿಮ್ಮ ಕಾಯಿಲೆ ನಮಗೆ ಗೊತ್ತಿದೆ, ಕೇಳಿದಷ್ಟು ಹಣ ಕಳಿಸದಿದ್ದರೆ ನಿಮ್ಮ ಕೆಲಸದ ಜಾಗಕ್ಕೆ, ಮನೆಯವರಿಗೆ ತಿಳಿಸುತ್ತೇವೆ ಎಂಬ ಬೆದರಿಕೆ. ಹಿಂದೆ ಮನಸ್ಸಿನ ಕಾಯಿಲೆಗೆ ಔಷಧಿ ತೆಗೆದುಕೊಂಡಿದ್ದ ಒಬ್ಬ ಶಾಲಾ ಶಿಕ್ಷಕಿ ಹೆದರಿ ಕೆಲಸವನ್ನೇ ಬಿಟ್ಟಿದ್ದಳಂತೆ. ಈ ಕಾರ್ಡುಗಳನ್ನು ಆಸ್ಪತ್ರೆಯ ಹೊರಗೆ ನೋಡಿದವರು ಬಾಂಬೆಯವರು ಮಾತ್ರ ಎಂದು ಟೆಲೆಕ್ಸ್ ಮುಗಿದಿತ್ತು.

ಮರುದಿನದಿಂದ ಆಫೀಸು ಆಫೀಸಾಗಿ ಉಳಿಯಲಿಲ್ಲ. ಬಾಗಿಲಲ್ಲಿ ಬ್ಯಾಗು ತಪಾಸಣೆ. ಊಟದ ಡಬ್ಬಿಯ ತಳದವರೆಗೆ ನೋಡುತ್ತಿದ್ದರು. ಛತ್ರಿ ಬಿಚ್ಚಿ ಕೊಡವಿ ತೋರಿಸಬೇಕು. ಯಾರು ಯಾವಾಗ ಎದ್ದು ಬಾತ್‌ರೂಮಿಗೆ ಹೋದರು ಎಂದು ನಾನು ಬರೆದಿಡಬೇಕು. ಮೊದಲು ಹಾಡು ಗುನುಗುತ್ತ ಟೈಪ್ ಮಾಡುತ್ತಿದ್ದ ಹೆಂಗಸರು ಈಗ ಪಕ್ಕದವಳ ಪರದೆಯ ಮೇಲೇ ಕಣ್ಣಿಟ್ಟಿರುತ್ತಿದ್ದರು. ಒಬ್ಬಳು ಹೊಸ ಸೀರೆ ಉಟ್ಟು ಬಂದ ದಿನ ಇನ್ನೊಬ್ಬಳು ನನ್ನ ಬಳಿ ಬಂದು, ಅವಳಿಗೆ ಇದು ಎಲ್ಲಿಂದ ಬಂತು ವಿಚಾರಿಸಿ ಎಂದು ಪಿಸುಗುಟ್ಟಿದಳು. ನಾನು ಅದನ್ನೂ ಬರೆದುಕೊಂಡೆ. ಇಂದಿಗೂ ಅದನ್ನು ನೆನೆದರೆ ಹೇಸಿಗೆಯಾಗುತ್ತದೆ.

ನನ್ನೊಳಗೆ ಮಾತ್ರ ಒಂದೇ ಹೆಸರು ತಿರುಗುತ್ತಿತ್ತು. ಡಚ್ಚಿನಲ್ಲಿ ಬೆದರಿಕೆ ಬರೆಯಬೇಕಾದರೆ ಡಚ್ ಬರಬೇಕಲ್ಲ. ಯಾರದ್ದೋ ನೋವು ಎಂದು ಅವನು ಅಂದದ್ದು ಯಾಕೆ? ಯಾರ ನೋವು ಎಂದು ಆರಿಸಿಕೊಳ್ಳುವುದಕ್ಕೋ? ಅದರ ಜತೆಗೆ ಇನ್ನೊಂದು ಸುದ್ದಿ ಕಿವಿಗೆ ಬಿತ್ತು. ಬಂಗೇರನಿಗೆ ಮಸ್ಕತ್‌ನಲ್ಲಿ ಕೆಲಸ ಗೊತ್ತಾಗಿದೆ, ಸೆಪ್ಟೆಂಬರಿಗೆ ಹೊರಡುತ್ತಾನೆ ಎಂದು. ಓಡಿಹೋಗುವ ತಯಾರಿ ಎಂದು ಮನಸ್ಸು ತೀರ್ಪು ಕೊಟ್ಟಿತು. ಮನೆಯಲ್ಲಿ ಯಜಮಾನರಿಗೆ ಹೇಳಿದೆ. ಅವರು ಪೇಪರ್ ಮಡಚಿಟ್ಟು, ನೋಡಿಯೂ ಸುಮ್ಮನಿದ್ದಳು ಅಂತ ನಾಳೆ ನಿನ್ನ ಹೆಸರೇ ಬಂದರೆ ಏನು ಮಾಡುತ್ತೀಯ ಎಂದು ಕೇಳಿದರು. ನನಗೆ ಬೇಕಾಗಿದ್ದ ಮಾತೂ ಅದೇ. ಮರುದಿನ ಬೆಳಿಗ್ಗೆ ಛತ್ರಿ ಆರಲು ಇಡುವುದಕ್ಕೂ ಮುಂಚೆ ಕೇಳ್ಕರರ ಕೋಣೆಗೆ ಹೋಗಿ ನಿಘಂಟಿನ ವಿಷಯ ಹೇಳಿದೆ. ಹೇಳಿದ್ದು ನಾನು ಎಂದು ಯಾರಿಗೂ ತಿಳಿಯಬಾರದು ಎಂದೂ ಕೇಳಿಕೊಂಡೆ.

ಅದೇ ಮಧ್ಯಾಹ್ನ ಇನ್ಸ್‌ಪೆಕ್ಟರ್ ಜಾಧವ್ ಬಂದರು. ಐವತ್ತರ ಹತ್ತಿರದ, ಸಣಕಲು ಮೈಯ ಮನುಷ್ಯ. ಪ್ಯಾಂಟು ಮೊಣಕಾಲಿನವರೆಗೆ ನೆನೆದಿತ್ತು. ಕಂಪ್ಯೂಟರನ್ನು ಅವರು ಅದಕ್ಕೆ ಮುಂಚೆ ಹತ್ತಿರದಿಂದ ಕಂಡಿರಲಿಲ್ಲ. ಏನು ಕಳುವಾಗಿದೆ ತೋರಿಸಿ ಎಂದರು. ಕೇಳ್ಕರ್ ಫ್ಲಾಪಿಗಳ ಕಪಾಟು ತೆರೆದು ತೋರಿಸಿದರು. ಎಲ್ಲ ಫ್ಲಾಪಿಗಳೂ ಇದ್ದವು. ಪೆಟ್ಟಿಗೆಗಳೂ ಇದ್ದವು, ಕಾಗದಗಳೂ ಇದ್ದವು. ಎಲ್ಲವೂ ಇರುವಾಗ ಕಳ್ಳತನ ಹೇಗೆ ಎಂದು ಜಾಧವ್ ಕೇಳಿದರು. ಒಳಗಿರುವ ಮಾಹಿತಿ ಹೋಗಿದೆ ಎಂದರು ಕೇಳ್ಕರ್. ಮಾಹಿತಿಯೂ ಇಲ್ಲೇ ಇದೆಯಲ್ಲ ಎಂದು ಜಾಧವ್ ಪರದೆ ತೋರಿಸಿದರು.

ಆ ವಾರ ಅವರು ಬಗಲಲ್ಲಿ ದಂಡಸಂಹಿತೆಯ ಪುಸ್ತಕ ಇಟ್ಟುಕೊಂಡೇ ಬರುತ್ತಿದ್ದರು. ಕಳ್ಳತನ ಎನ್ನಲು ವಸ್ತು ಒಡೆಯನ ಕೈ ತಪ್ಪಬೇಕು, ತಪ್ಪಿಲ್ಲ. ಅತಿಕ್ರಮಣ ಎನ್ನಲು ಯಾರಾದರೂ ಒಳಗೆ ನುಗ್ಗಬೇಕು. ಬಾಗಿಲ ಬೀಗ ನೆಟ್ಟಗಿದೆ. ಬೆದರಿಕೆ ಎನ್ನಲು ಹೆದರಿದವರು ನಮ್ಮ ಠಾಣೆಗೆ ಬಂದು ಹೇಳಬೇಕು. ಅವರು ಏಳು ಸಮುದ್ರದಾಚೆ. ಕೊನೆಗೆ ಪುಸ್ತಕ ಮುಚ್ಚಿ, ನನ್ನ ಕಡೆ ನೋಡಿ ಮರಾಠಿಯಲ್ಲಿ, "ಗುನ್ಹಾ ತಿಕಡೆ, ಸಂಶಯ ಇಕಡೆ" ಎಂದರು. ಅಪರಾಧ ಅಲ್ಲಿ, ಸಂಶಯ ಇಲ್ಲಿ.

ಸೆಕ್ಷನ್ ಸಿಗದಿದ್ದರೂ ಸಂಶಯಕ್ಕೆ ಅಡ್ಡಿಯಾಗಲಿಲ್ಲ. ಬಂಗೇರನ ಡ್ರಾಯರ್ ತೆಗೆಸಿದರು. ನಿಘಂಟು ಸಿಕ್ಕಿತು, ನೋಟ್‌ಬುಕ್ಕೂ ಸಿಕ್ಕಿತು. ಡಚ್ ಬರುತ್ತದೆಯೇ ಎಂದು ಕೇಳಿದರೆ ಅವನು ಭಯದಲ್ಲಿ ಇಲ್ಲ ಎಂದುಬಿಟ್ಟ. ಆ ಒಂದು ಸುಳ್ಳಿನಿಂದ ಅವನ ಉಳಿದ ಮಾತೆಲ್ಲ ಸುಳ್ಳಾಯಿತು. ಮರುದಿನ ಬೆಳಿಗ್ಗೆ ಪೊಲೀಸ್ ಜೀಪು ದಹಿಸರಿನ ಚಾಳಿಗೆ ಹೋಗಿ ಅವನ ಮನೆಯ ಅಕ್ಕಿ ಡಬ್ಬದವರೆಗೆ ಹುಡುಕಿ, ಏನೂ ಸಿಗದೆ ಪಾಸ್‌ಪೋರ್ಟ್ ಎತ್ತಿಕೊಂಡು ಬಂತು. ರಸೀದಿ ಕೊಡಲಿಲ್ಲ. ಕೇಸು ಇದ್ದರಲ್ಲವೇ ರಸೀದಿ?

ಜುಲೈನಲ್ಲಿ ಏಜೆನ್ಸಿಯಿಂದ ಒಬ್ಬ ಹೆಂಗಸು ಬಂದಳು. ಎತ್ತರದ, ಬಿಗುಮುಖದ ಹೆಂಗಸು. ನಮ್ಮ ಮಳೆಯನ್ನು ಕಂಡು ಸುಸ್ತಾಗಿದ್ದಳು. ಬೆದರಿಕೆ ಪತ್ರಗಳ ಪ್ರತಿಗಳನ್ನು ತಂದಿದ್ದಳು, ಹೆಸರುಗಳ ಮೇಲೆ ಕಪ್ಪು ಬಳಿದಿತ್ತು. ಕೇಳ್ಕರರ ಕೋಣೆಯಲ್ಲಿ ಅವಳು, ಜಾಧವ್, ನಾನು. ಬಂಗೇರನನ್ನು ಕರೆಸಿ, ಪತ್ರವನ್ನು ಅವನ ಮುಂದೆ ಹಿಡಿದು ಇದು ನಿನ್ನದೇ ತಾನೇ ಎಂದು ಜಾಧವ್ ಕೇಳಿದರು. ಅವನು ಬಹಳ ಹೊತ್ತು ಅದನ್ನೇ ನೋಡುತ್ತಿದ್ದ. ಅಷ್ಟು ಹೊತ್ತು ನೋಡುವುದಕ್ಕೆ ಏನಿದೆ ಎಂದು ನನಗೆ ಅನುಮಾನ ಇನ್ನೂ ಹೆಚ್ಚಾಯಿತು. ಆಮೇಲೆ ಅವನು ನನ್ನ ಕಡೆ ತಿರುಗಿ ಕನ್ನಡದಲ್ಲಿ ಮಾತಾಡಿದ.

"ಅಕ್ಕ, ನೀವು ಇವರಿಗೆ ಇಂಗ್ಲಿಷಿನಲ್ಲಿ ಹೇಳಿ. ಇದರಲ್ಲಿ 'ಈ ವಸಂತದಲ್ಲಿ ಆದ ಆಪರೇಷನ್' ಅಂತ ಉಂಟು. ಈ ವರ್ಷದ ವಸಂತ. ನಮಗೆ ಬಂದ ಕಾರ್ಡೆಲ್ಲ ಹೋದ ಡಿಸೆಂಬರಿಗೆ ಮುಗಿಯುತ್ತದೆ. ಇದನ್ನು ನಾವು ಟೈಪ್ ಮಾಡಿದ್ದೇ ಅಲ್ಲ."

ನಾನು ಹೇಳಿದೆ. ಆ ಹೆಂಗಸಿನ ಮುಖ ಕೆಂಪಾಯಿತು. ಈ ವರ್ಷದ ಕೆಲವು ಕಾರ್ಡುಗಳನ್ನೂ ತಡವಾಗಿ ಕಳಿಸಿದ್ದೇವೆ ಎಂದಳು. ಜಾಧವರಿಗೆ ಅದು ಬೇಕಾಗಿರಲಿಲ್ಲ. ಡಚ್ ಬರುವುದಿಲ್ಲ ಎಂದವನು ಪತ್ರ ಓದಿದ್ದು ಹೇಗೆ ಎಂದರು. ಬಂಗೇರ ತಲೆ ತಗ್ಗಿಸಿದ. ತನ್ನನ್ನು ಉಳಿಸಬಹುದಾಗಿದ್ದ ಒಂದೇ ಮಾತನ್ನು ಹೇಳುವುದಕ್ಕೆ ಅವನು ತನ್ನ ಸುಳ್ಳನ್ನು ಒಪ್ಪಿಕೊಳ್ಳಬೇಕಾಗಿತ್ತು. ಕೋಣೆಯಲ್ಲಿದ್ದವರು ಒಪ್ಪಿಗೆಯನ್ನು ಹಿಡಿದುಕೊಂಡು ಮಾತನ್ನು ಬಿಟ್ಟರು. ತಾರೀಖುಗಳ ರಿಜಿಸ್ಟರ್ ನನ್ನ ಮೇಜಿನ ಮೇಲೇ ಇತ್ತು. ಎದ್ದುಹೋಗಿ ತರಲು ಹತ್ತು ಹೆಜ್ಜೆ. ನಾನು ಏಳಲಿಲ್ಲ. ಆ ಹೆಂಗಸು ಅಷ್ಟು ದೂರದಿಂದ ಬಂದವಳು, ಅವಳು ಯಾಕೆ ಸುಳ್ಳು ಹೇಳುತ್ತಾಳೆ ಎಂದುಕೊಂಡೆ.

ನಾಳೆಯಿಂದ ಬರಬೇಡ ಎಂದು ಕೇಳ್ಕರ್ ಬಂಗೇರನಿಗೆ ಹೇಳಿದರು. ಯಾಕೆಂದು ಕಾಗದದಲ್ಲಿ ಬರೆದುಕೊಡಿ ಎಂದು ಅವನು ಕೇಳಿದನಂತೆ. ಅವರು ಕೊಡಲಿಲ್ಲ.

ಅವನು ಹೋದ ಮೇಲೆ ನೆಮ್ಮದಿ ಬರಬೇಕಿತ್ತು. ಬರಲಿಲ್ಲ. ಅವನು ಈಗ ಯಾರಿಗೆ ಪತ್ರ ಬರೆಯುತ್ತಿರಬಹುದು, ಯಾರನ್ನು ನೋಡುತ್ತಿರಬಹುದು ಎಂದು ಸದಾ ಯೋಚನೆ. ಆಗಸ್ಟಿನ ಒಂದು ಶನಿವಾರ ಆಫೀಸು ಬೇಗ ಮುಗಿದಾಗ ಮನೆಗೆ ಹೋಗುವ ಬದಲು ದಾದರಿನಲ್ಲಿ ಲೋಕಲ್ ಬದಲಿಸಿ ಬೈಕುಲ್ಲಾದಲ್ಲಿ ಇಳಿದೆ. ಯಾಕೆ ಹೋದೆ ಎಂದರೆ, ಅವನ ಮೇಲೆ ಕಣ್ಣಿಡಲು ಹೋದೆ, ಅಷ್ಟೇ. ತರಕಾರಿ ಮಾರ್ಕೆಟ್ಟಿನ ಹಿಂದೆ, ಕೆಸರು ದಾಟಿ, ಅವನ ಮಾವನ ಹೋಟೆಲನ್ನು ಹುಡುಕಿದೆ. ಎದುರು ಬದಿಯ ಪಾತ್ರೆ ಅಂಗಡಿಯ ಹತ್ತಿರ ನಿಂತು ಛತ್ರಿ ಮರೆಯಲ್ಲಿ ನೋಡಿದೆ. ಬಂಗೇರ ಗಲ್ಲಾದ ಪಕ್ಕ ಒಬ್ಬ ಸೂಟು ತೊಟ್ಟ ಗಂಡಸಿನೊಂದಿಗೆ ಮಾತಾಡುತ್ತಿದ್ದ. ಆ ಗಂಡಸು ಒಂದು ಕವರು ಕೊಟ್ಟ. ಬಂಗೇರ ಅದನ್ನು ಬಿಚ್ಚಿ ಓದಿ, ಮಡಚಿ, ಜೇಬಿಗೆ ಇಟ್ಟುಕೊಂಡ. ಸಿಕ್ಕಿಬಿದ್ದ ಎಂದೇ ಎಣಿಸಿದೆ.

ಸೂಟಿನವನು ಹೋದ ಮೇಲೆ ಬಂಗೇರ ನೇರವಾಗಿ ರಸ್ತೆ ದಾಟಿ ನನ್ನ ಹತ್ತಿರವೇ ಬಂದ. ಅವನು ನನ್ನನ್ನು ಆಗಲೇ ಕಂಡಿದ್ದ. ಒಳಗೆ ಬನ್ನಿ, ಇಷ್ಟು ಮಳೆಯಲ್ಲಿ ಯಾಕೆ ನಿಂತದ್ದು ಎಂದು ಕರೆದ. ಫ್ಯಾಮಿಲಿ ರೂಮಿನಲ್ಲಿ ಕೂರಿಸಿ ಚಹಾ ತರಿಸಿದ. ಏನು ಹೇಳಬೇಕೆಂದು ತೋಚದೆ, ಇಲ್ಲೇ ತರಕಾರಿಗೆ ಬಂದಿದ್ದೆ ಎಂದೆ. ನನ್ನ ಕೈಯಲ್ಲಿ ಚೀಲವೂ ಇರಲಿಲ್ಲ. ಅವನು ಅದನ್ನು ನೋಡಿದ. ಜೇಬಿನಿಂದ ಕವರು ತೆಗೆದು ನನ್ನ ಮುಂದಿಟ್ಟ. ಮಸ್ಕತ್ತಿನ ಕಂಪನಿಯವರ ಪತ್ರ; ತಿಂಗಳೊಳಗೆ ಪಾಸ್‌ಪೋರ್ಟ್ ಒಪ್ಪಿಸದಿದ್ದರೆ ಕೆಲಸ ಬೇರೆಯವರಿಗೆ ಎಂದು ಬರೆದಿತ್ತು. ಸೂಟಿನವನು ಅವರ ಏಜೆಂಟ್.

"ರಿಜಿಸ್ಟರ್ ನೋಡಿದ್ರಾ ಅಕ್ಕ?" ಎಂದು ಅವನು ಕೇಳಿದ. ಅಷ್ಟನ್ನೇ ಕೇಳಿದ.

ಸೋಮವಾರ ರಿಜಿಸ್ಟರ್ ತೆರೆದೆ. ಮೂರು ದಿನ, ಊಟದ ಹೊತ್ತಿನಲ್ಲಿ, ಒಂದೊಂದು ಪೆಟ್ಟಿಗೆಯ ಸಾಲನ್ನೂ ಬೆರಳಿಟ್ಟು ನೋಡಿದೆ. ಸಾಲದೆಂದು ಕಪಾಟಿನಿಂದ ಪೆಟ್ಟಿಗೆಗಳನ್ನೇ ಇಳಿಸಿ ಕಾರ್ಡುಗಳ ಮೇಲಿನ ತಾರೀಖು ನೋಡಿದೆ. ಜನವರಿಯ ನಂತರ ಬಂದ ಪೆಟ್ಟಿಗೆಗಳಲ್ಲೂ ಹಳೆಯ ಕಾರ್ಡುಗಳೇ. ಈ ವರ್ಷದ ವಸಂತದ ಒಂದು ಕಾರ್ಡೂ ಬಾಂಬೆಗೆ ಬಂದಿರಲಿಲ್ಲ. ಹೊಸ ವರ್ಷದಿಂದ ಆಸ್ಪತ್ರೆಗಳು ಕಾರ್ಡು ಬಿಟ್ಟು ನೇರವಾಗಿ ಏಜೆನ್ಸಿಯ ಕಂಪ್ಯೂಟರಿಗೇ ಬರೆಯಲು ಶುರು ಮಾಡಿದ್ದವು ಎಂದು ಹಳೆಯ ಫೈಲಿನ ಒಂದು ಪತ್ರದಲ್ಲಿ ಸ್ಪಷ್ಟವಾಗಿತ್ತು. ಸೋರಿದ್ದು ಅಲ್ಲಿ. ಆ ಹೆಂಗಸು ನಮ್ಮ ಮುಂದೆ ಸುಳ್ಳು ಹೇಳಿದ್ದಳು, ಇಲ್ಲವೇ ಅವಳಿಗೆ ತನ್ನ ಮನೆಯ ವಿಷಯವೇ ಗೊತ್ತಿರಲಿಲ್ಲ.

ಕೇಳ್ಕರ್ ರಿಜಿಸ್ಟರನ್ನು ನೋಡಿದರು, ನನ್ನನ್ನು ನೋಡಿದರು. ಇದನ್ನು ಕಳಿಸಿದರೆ ತಪ್ಪು ನಿಮ್ಮದೇ ಎಂದು ಗಿರಾಕಿಗೆ ಹೇಳಿದ ಹಾಗೆ, ಆಮೇಲೆ ಇಪ್ಪತ್ತನಾಲ್ಕು ಜನರಿಗೆ ನೀವು ಕೆಲಸ ಕೊಡುತ್ತೀರಾ ಎಂದು ಕೇಳಿದರು. ಆಮೇಲೆ ದನಿ ತಗ್ಗಿಸಿ, ಅವನನ್ನು ಯಾರೂ ಅರೆಸ್ಟ್ ಮಾಡಿಲ್ಲವಲ್ಲ ಮಿಸೆಸ್ ರಾವ್, ನಿಮಗೇನು ತೊಂದರೆ ಎಂದರು. ಅವರು ಕೆಟ್ಟವರಲ್ಲ. ಆದರೆ ಆ ದಿನ ಅವರ ಮೇಜಿನ ಮೇಲಿನ ಪೆನ್ನನ್ನು ನೋಡಿದರೂ ನನಗೆ ಅನುಮಾನ ಬರುತ್ತಿತ್ತು. ಅವರ ಕೈಗೆ ಸಿಕ್ಕರೆ ರಿಜಿಸ್ಟರ್ ಮಾಯವಾಗಬಹುದು ಎಂದು ಬೇಕಾದ ಪುಟಗಳನ್ನೆಲ್ಲ ಅಂದೇ ಕೈಯಲ್ಲಿ ನಕಲು ಮಾಡಿಕೊಂಡು, ಸಂಜೆ ನೆನೆಯುತ್ತಾ ಜಾಧವರ ಠಾಣೆಗೆ ಹೋದೆ.

ಅವರು ಒಂದೊಂದು ಪುಟವನ್ನೂ ನೋಡಿ, ನನ್ನನ್ನು ನಂಬಬೇಕೋ ಬೇಡವೋ ಎನ್ನುವ ಹಾಗೆ ಬಹಳ ಹೊತ್ತು ಮುಖ ನೋಡಿದರು. ಮೊದಲು ಅವನ ಮೇಲೆ ಹೇಳಿದವರೂ ನೀವೇ, ಈಗ ಬಿಡಿಸಲು ಬಂದವರೂ ನೀವೇ, ನಡುವೆ ಏನಾಯಿತು ಎಂದು ಕೇಳಿದರು. ನನ್ನ ಹೆಸರನ್ನು ಕೇಳ್ಕರ್ ಮುಚ್ಚಿಟ್ಟಿರಲಿಲ್ಲ. ಏನೂ ಆಗಿಲ್ಲ, ಮೊದಲೇ ನೋಡಬೇಕಾದ್ದನ್ನು ಈಗ ನೋಡಿದೆ ಎಂದೆ. ಪಾಸ್‌ಪೋರ್ಟ್ ಕೊಟ್ಟುಬಿಡಿ ಎಂದು ಬೇಡಿಕೊಂಡೆ. ಅವರು ಒಪ್ಪಲಿಲ್ಲ. ಕೊಟ್ಟ ಮೇಲೆ ಅವನು ಹಾರಿಹೋಗಿ, ಆಮೇಲೆ ಅವನೇ ಎಂದು ಗೊತ್ತಾದರೆ ತನ್ನ ನೌಕರಿ ಹೋಗುತ್ತದೆ ಎಂದರು. ಅಲ್ಲಿಯ ಪೊಲೀಸರಿಂದ ಉತ್ತರ ಬರಲಿ.

ಆ ಉತ್ತರ ತರಿಸುವುದು ಹೇಗೆ ಎಂಬುದೇ ದೊಡ್ಡ ಕಥೆಯಾಯಿತು. ಬಾಂಬೆಯ ಇನ್ಸ್‌ಪೆಕ್ಟರ್ ಹಾಲೆಂಡಿನ ಇನ್ಸ್‌ಪೆಕ್ಟರಿಗೆ ಫೋನು ಮಾಡುವ ಹಾಗಿರಲಿಲ್ಲ. ಕಾಗದ ಮೊದಲು ಅವರ ಮೇಲಿನವರಿಗೆ, ಅಲ್ಲಿಂದ ದಿಲ್ಲಿಗೆ, ದಿಲ್ಲಿಯಿಂದ ದೇಶದೇಶಗಳ ಪೊಲೀಸರ ನಡುವಿನ ಕಚೇರಿಗೆ, ಅಲ್ಲಿಂದ ಹಾಲೆಂಡಿಗೆ. ವಾಪಸು ಬರುವುದೂ ಅದೇ ದಾರಿಯಲ್ಲಿ. ಅದೂ ಎರಡೂ ದೇಶಗಳಲ್ಲಿ ಅಪರಾಧ ಎನಿಸಿಕೊಂಡದ್ದಾದರೆ ಮಾತ್ರ. ಜಾಧವ್ ಅಂದು ಬುದ್ಧಿವಂತಿಕೆಯ ಒಂದು ಮಾತು ಹೇಳಿದರು. "ಕಂಪ್ಯೂಟರ್ ಅಂತ ಬರೆದರೆ ದಿಲ್ಲಿಯಲ್ಲೇ ಕೂತುಬಿಡುತ್ತೆ ಮೇಡಂ. ಧಮಕಿ ಅಂತ ಬರೆಯೋಣ. ಧಮಕಿ ಎಲ್ಲಾ ದೇಶದಲ್ಲೂ ಧಮಕಿನೇ." ಇಂಗ್ಲಿಷಿನಲ್ಲಿ ಅದನ್ನು ನಾನೇ ಬರೆದುಕೊಟ್ಟೆ. ಎರಡು ಸಂಜೆ ಅವರ ಮೇಜಿನ ಎದುರು ಕೂತು, ವಸಂತದ ವಿಷಯವನ್ನೂ ರಿಜಿಸ್ಟರಿನ ತಾರೀಖುಗಳನ್ನೂ ಸೇರಿಸಿದೆ. ಆ ಪತ್ರ ಸೆಪ್ಟೆಂಬರಿನಲ್ಲಿ ಹೊರಟಿತು. ಅದೇ ತಿಂಗಳು ಮಸ್ಕತ್ತಿನ ಕೆಲಸ ಬೇರೆಯವರಿಗೆ ಹೋಯಿತು.

ಗಣಪತಿ ಬಂದು ಹೋದ, ದೀಪಾವಳಿ ಹೋಯಿತು, ಚಳಿ ಬಂತು. ಆಫೀಸಿನಲ್ಲಿ ತಪಾಸಣೆ ನಿಂತು, ಹೆಂಗಸರು ಮತ್ತೆ ಹಾಡತೊಡಗಿದರು. ನಾನು ಎರಡು ವಾರಕ್ಕೊಮ್ಮೆ ಠಾಣೆಗೆ ಹೋಗಿ ಉತ್ತರ ಬಂತೇ ಎಂದು ಕೇಳುತ್ತಿದ್ದೆ. ಕಾಗದ ನಿಜವಾಗಿಯೂ ಹೊರಟಿದೆಯೋ, ಯಾವುದೋ ಮೇಜಿನ ಕೆಳಗೆ ಬಿದ್ದಿದೆಯೋ ಎಂದು ಜಾಧವರ ಮೇಲೂ ಅನುಮಾನಪಟ್ಟೆ.

ಉತ್ತರ ಬಂದದ್ದು ಫೆಬ್ರವರಿಯಲ್ಲಿ. ಎರಡು ಪುಟ. ಏಜೆನ್ಸಿಯಲ್ಲಿ ಹಿಂದೆ ಕೆಲಸ ಮಾಡಿ ಬಿಟ್ಟಿದ್ದ ಒಬ್ಬಾತ ಪಕ್ಕದ ದೇಶದಲ್ಲಿ ತನ್ನ ಮನೆಯಲ್ಲಿ ಕೂತು, ಫೋನಿನ ಲೈನಿನಿಂದ ಏಜೆನ್ಸಿಯ ಕಂಪ್ಯೂಟರಿನೊಳಗೆ ಹೊಕ್ಕು ಕಡತಗಳನ್ನು ಓದುತ್ತಿದ್ದ. ಅವನ ಕಾಲದ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲ. ಹೊಕ್ಕದ್ದಕ್ಕೆ ಏನು ಶಿಕ್ಷೆ ಎಂಬುದು ಅಲ್ಲಿಯೂ ಗೊಂದಲವಾಗಿದ್ದು, ಬೆದರಿಕೆ ಪತ್ರಕ್ಕಾಗಿ ಮಾತ್ರ ಹಿಡಿದಿದ್ದರಂತೆ. ಬಾಂಬೆಯಲ್ಲಿ ಯಾರ ಮೇಲೂ ಸಂಶಯವಿಲ್ಲ ಎಂಬುದು ಕೊನೆಯ ಸಾಲು. ಜಾಧವ್ ಡ್ರಾಯರಿನಿಂದ ಪಾಸ್‌ಪೋರ್ಟ್ ತೆಗೆದು ನನ್ನ ಕೈಗಿಟ್ಟರು. ತೆಗೆದುಕೊಂಡಾಗ ರಸೀದಿ ಇರಲಿಲ್ಲ, ಕೊಡುವಾಗಲೂ ಬೇಡ ಎಂದರು. ನಗುವುದಕ್ಕೆ ನೋಡಿದರು, ಆಗಲಿಲ್ಲ.

ಭಾನುವಾರ ದಹಿಸರಿಗೆ ಹೋದೆ. ಸ್ಟೇಷನ್ನಿನಿಂದ ಪೂರ್ವಕ್ಕೆ, ನದಿಯ ಹತ್ತಿರದ ಎರಡಂತಸ್ತಿನ ಚಾಳು. ಬಂಗೇರ ಮೇಲಿನ ಗ್ಯಾಲರಿಯ ಕೊನೆಯ ಮನೆಯಲ್ಲಿದ್ದ. ಅವನ ಹೆಂಡತಿ ಪ್ರೇಮ ಕುರ್ಚಿ ಹಾಕಿ, ನೀರು ಕೊಟ್ಟು ಒಲೆಯ ಕಡೆ ಹೋದಳು. ಪಾಸ್‌ಪೋರ್ಟ್ ಕೊಟ್ಟು ಎಲ್ಲವನ್ನೂ ಹೇಳಿದೆ. ಅವನು ಪುಟ ತಿರುವಿ ತನ್ನ ಫೋಟೋವನ್ನೇ ನೋಡಿ ಮುಚ್ಚಿದ. ಆಮೇಲೆ, ತಾನು ಮಾಡಿಲ್ಲ ಎಂದು ಯಾರಾದರೂ ಒಂದು ಕಾಗದ ಬರೆದುಕೊಡುತ್ತಾರೆಯೇ ಎಂದು ಕೇಳಿದ. ಆ ವಿಷಯ ನಾನು ಆಗಲೇ ಕೇಳಿಕೊಂಡು ಬಂದಿದ್ದೆ. ಕೇಸೇ ಹಾಕಿಲ್ಲದ ಮೇಲೆ ಖುಲಾಸೆ ಎನ್ನುವುದೂ ಇಲ್ಲ ಎಂದಿದ್ದರು ಜಾಧವ್. ಕೆಲಸದಿಂದ ತೆಗೆದ ಪತ್ರವೇ ಇಲ್ಲದ ಮೇಲೆ ವಾಪಸು ಕರೆಯುವ ಪತ್ರ ಎಲ್ಲಿಂದ ಎಂದಿದ್ದರು ಕೇಳ್ಕರ್. ಅವನನ್ನು ಹಿಡಿಯಲು ಸಿಗದ ಸೆಕ್ಷನ್ ಬಿಡಿಸಲೂ ಸಿಗಲಿಲ್ಲ.

ಇನ್ನು ಮುಚ್ಚಿಡಲಾಗಲಿಲ್ಲ. ನಿಘಂಟಿನ ವಿಷಯ ಹೇಳಿದವಳು ನಾನೇ ಎಂದೆ.

"ನನಗೆ ಗೊತ್ತುಂಟು ಅಕ್ಕ," ಎಂದ ಬಂಗೇರ. "ಅದನ್ನು ನೋಡಿದ್ದು ನೀವೊಬ್ಬರೇ. ನಮ್ಮ ಭಾಷೆ ಮಾತಾಡುವವರು ಅಲ್ಲಿ ಇನ್ಯಾರಿದ್ರು? ನನ್ನ ಹತ್ತಿರವೇ ಒಂದು ಮಾತು ಕೇಳ್ಬಹುದಿತ್ತು."

ಆಗ ಒಲೆಯ ಹತ್ತಿರ ನಿಂತಿದ್ದ ಪ್ರೇಮ ಮೊದಲ ಸಲ ಬಾಯಿ ಬಿಟ್ಟಳು. ಜೀಪು ಬಂದ ದಿನದಿಂದ ಚಾಳಿನವರು ತಮ್ಮ ಮನೆಗೆ ಬರುವುದಿಲ್ಲ, ನಲ್ಲಿಯ ಹತ್ತಿರ ಹೋದರೆ ಮಾತು ನಿಲ್ಲಿಸುತ್ತಾರೆ, ಪಕ್ಕದ ಮನೆಯವರು ಹಗಲಲ್ಲೂ ಬಾಗಿಲಿಗೆ ಚಿಲಕ ಹಾಕುತ್ತಾರೆ ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಕಾಗದ ಬೇಡ. ಇವರು ಕಳ್ಳ ಅಲ್ಲ ಅಂತ ನೀವೇ ಒಂದು ಸಲ ಅವರಿಗೆ ಹೇಳ್ತೀರಾ?"

ನಾನು ಎದ್ದೆ. ಬಂಗೇರ ಬೇಡ ಬೇಡ ಎಂದ. ಪ್ರೇಮ ಅವನನ್ನು ತಡೆದಳು. ಆ ಗ್ಯಾಲರಿಯಲ್ಲಿ ಎಂಟು ಮನೆ. ನನ್ನ ಮರಾಠಿ ಹತ್ತು ವರ್ಷದಲ್ಲೂ ತರಕಾರಿ ಕೊಳ್ಳುವಷ್ಟೇ ಇತ್ತು. ಮೊದಲ ಬಾಗಿಲು ತಟ್ಟಿ, ನಾನು ಬಂಗೇರನ ಆಫೀಸಿನವಳು, ಅವನು ಏನೂ ಮಾಡಿಲ್ಲ, ಮಾಡಿದವನು ಬೇರೆ ದೇಶದಲ್ಲಿ ಸಿಕ್ಕಿದ್ದಾನೆ ಎಂದೆ. ಒಬ್ಬರು ತಲೆಯಾಡಿಸಿ ಬಾಗಿಲು ಹಾಕಿದರು. ಒಬ್ಬರು ಒಳಗೆ ಕರೆದರು. ಒಬ್ಬ ಗಂಡಸು ಬೇರೆ ದೇಶ ಎಂದದ್ದನ್ನು ನಂಬದೆ ನಕ್ಕ. ಪ್ರತಿ ಬಾಗಿಲಿನಲ್ಲೂ ಅದನ್ನೇ ಹೇಳಿದೆ, ಹೇಳುತ್ತಾ ಹೇಳುತ್ತಾ ನನ್ನ ವ್ಯಾಕರಣವೂ ಸುಧಾರಿಸಿತು.

ಗ್ಯಾಲರಿಯ ಇನ್ನೊಂದು ತುದಿಯ ಮನೆಯಲ್ಲಿ ಒಬ್ಬ ಮುದುಕಿ ಹೊಸ್ತಿಲ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದಳು. ಮೊರದಿಂದ ಕಣ್ಣೆತ್ತದೆ ನನ್ನ ಮಾತನ್ನೆಲ್ಲ ಕೇಳಿದಳು. ಆಮೇಲೆ, ಹಾಗಾದರೆ ಪೊಲೀಸರು ಯಾಕೆ ಬಂದಿದ್ದರು ಎಂದು ಕೇಳಿದಳು.

ಪ್ರೇಮ ಅತ್ತ ಕಡೆ ಬಾಗಿಲಿನಲ್ಲಿ ನಿಂತು ನೋಡುತ್ತಿದ್ದಳು. ನಾನು ಹೇಳಿದ್ದಕ್ಕೆ ಬಂದಿದ್ದರು ಎಂದೆ.